ಗುಂಡಿನ ಮನೆಯ ಕೌಲು

ಗಡಿನಾಡಿನ ಊರು ಮುಚ್ಚಂಡಿಯ ಬಸ್ ನಿಲ್ದಾಣದ ಎದುರಿಗಿರುವ ಪಂಚಾಯಿತಿಯ ಹಳೇ ಗೋದಾಮಿನಲ್ಲಿ ಗುರುಸಿದ್ದ ತನ್ನ ಪಿನ್‌ಬಾಲ್ ಆಟದ ಯಂತ್ರಗಳ ಮ್ಯೂಸಿಯಂ ತೆರೆದು ಹತ್ತು ತಿಂಗಳಾಗಿತ್ತು. ಈ ಹತ್ತು ತಿಂಗಳಲ್ಲಿ ಊರಿನವರು ಆ ಯಂತ್ರಗಳನ್ನು ಯಾವುದಕ್ಕೆಲ್ಲ ಬಳಸಬಾರದೋ ಅದಕ್ಕೆಲ್ಲ ಬಳಸಿದ್ದರು, ಆಡುವುದೊಂದನ್ನು ಬಿಟ್ಟು.

ಅವನು ಮುಂಬೈಯ ಒಂದು ಆಟದ ಪಾರ್ಲರಿನಲ್ಲಿ ಮೂವತ್ತೊಂದು ವರ್ಷ ಮೆಕ್ಯಾನಿಕ್ ಆಗಿದ್ದವನು. ಪಾರ್ಲರ್ ಮುಚ್ಚಿದಾಗ ಮಾಲೀಕ ಗುಜರಿಗೆ ಹಾಕಲು ಹೊರಟಿದ್ದ ಏಳು ಯಂತ್ರಗಳನ್ನು ಬೇಡಿ ಪಡೆದು, ಟ್ರಕ್ಕಿನಲ್ಲಿ ಹೇರಿಕೊಂಡು ಊರಿಗೆ ಬಂದ. ಹೆಂಡತಿ ಸಂಗವ್ವ ಟ್ರಕ್ಕಿನ ಹಿಂಬಾಗಿಲು ತೆರೆಯುವುದನ್ನೇ ನೋಡುತ್ತ ನಿಂತು, "ಇದ್ರಾಗ ಒಂದರೆ ನನ್ನ ಮನಿ ಹೊಸ್ತಲಾ ದಾಟಿದ್ರ ನಾ ತವರಮನಿ ದಾರಿ ಹಿಡೀತೀನಿ ನೋಡ್ರಿ" ಎಂದಿದ್ದಳು. ಹಾಗಾಗಿ ಗೋದಾಮು. ಅದನ್ನು ಸುಣ್ಣ ಬಳಿದು, ವೈರಿಂಗ್ ಮಾಡಿಸಿ, ಒಂದೊಂದು ಯಂತ್ರದ ಚರಿತ್ರೆಯನ್ನು ಕನ್ನಡದಲ್ಲೂ ಮರಾಠಿಯಲ್ಲೂ ತನ್ನ ಕೈಯಿಂದಲೇ ಬರೆದು ಗೋಡೆಗೆ ಅಂಟಿಸಿದ. ಆಟ ಪುಕ್ಕಟೆ ಎಂದು ಬೋರ್ಡೂ ಹಾಕಿದ. ಊರಿನವರು ಬೋರ್ಡು ಓದಲಿಲ್ಲ, ಚರಿತ್ರೆ ಓದಲಿಲ್ಲ, ಒಳಗೆ ಫ್ಯಾನ್ ಇದೆ ಎಂಬುದನ್ನು ಮಾತ್ರ ಓದದೆಯೇ ತಿಳಿದುಕೊಂಡರು.

ಆಟವೇನು ದೊಡ್ಡ ವಿದ್ಯೆಯಲ್ಲ. ಗಾಜು ಮುಚ್ಚಿದ ಇಳಿಜಾರು ಮೇಜು. ಸ್ಪ್ರಿಂಗಿನ ಹಿಡಿಕೆ ಎಳೆದು ಬಿಟ್ಟರೆ ಉಕ್ಕಿನ ಗುಂಡು ಮೇಲಕ್ಕೆ ಚಿಮ್ಮಿ, ಗಂಟೆಗಳಿಗೂ ಗೂಟಗಳಿಗೂ ಬಡಿಯುತ್ತ ಕೆಳಗಿಳಿಯುತ್ತದೆ. ಕೆಳಗೆ ಎರಡು ಪುಟ್ಟ ರೆಕ್ಕೆ. ಪೆಟ್ಟಿಗೆಯ ಅಕ್ಕಪಕ್ಕದ ಬಟನ್ ಒತ್ತಿದರೆ ರೆಕ್ಕೆ ಬಡಿದು ಗುಂಡನ್ನು ಮತ್ತೆ ಮೇಲಕ್ಕೆ ಅಟ್ಟುತ್ತದೆ. ಒತ್ತದಿದ್ದರೆ ಗುಂಡು ರೆಕ್ಕೆಯ ಮೇಲಿಂದ ಜಾರಿ ಗುಳುಂ ಎಂದು ಕೆಳಗೆ ಹೋಗುತ್ತದೆ. ಇಡೀ ಆಟವಿರುವುದೇ ಆ ರೆಕ್ಕೆಗಳಲ್ಲಿ. ಈ ಒಂದು ಮಾತನ್ನು ಗುರುಸಿದ್ದ ಹತ್ತು ತಿಂಗಳಲ್ಲಿ ಎಷ್ಟು ಜನರಿಗೆ ಹೇಳಿದ್ದನೋ ಲೆಕ್ಕವಿಲ್ಲ. ಅವನ ಗಂಟಲು ಒಡೆದು ಹೋಗಿತ್ತು.

ಮೊದಲು ಜನ ಗಾಜಿನ ಮೇಲೆ ಹಾಲಿನ ಕ್ಯಾನು ಇಟ್ಟರು. ಅವನು ಕೂಗಾಡಿದ, ತೆಗೆದರು. ಆಮೇಲೆ ಫೋನು ಚಾರ್ಜಿಗೆ ಹಚ್ಚಲು ಯಂತ್ರದ ಪ್ಲಗ್ ಕಿತ್ತರು. ಅದಕ್ಕೂ ಕೂಗಾಡಿದ. ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ಚೆಂದದ ಯಂತ್ರದ ಮೇಲೆ ಇಸ್ಪೀಟಿನ ರಾಣಿಯ ದೊಡ್ಡ ಚಿತ್ರವಿತ್ತು. ರಾಣಿಯ ಹೆಗಲು ಬರಿದಾಗಿತ್ತು. ಒಂದು ಶುಕ್ರವಾರ ಅವನು ಚಹಾ ಕುಡಿದು ಬರುವಷ್ಟರಲ್ಲಿ ಯಾರೋ ಹೆಂಗಸರು ಆಕೆಗೆ ಹಸಿರು ಖಣ ಹೊದಿಸಿ, ಹಣೆಗೆ ಕುಂಕುಮವಿಟ್ಟು, ಎದುರಿಗೆ ಎರಡು ಬಾಳೆಹಣ್ಣು ಇಟ್ಟು ಹೋಗಿದ್ದರು. ಅವನು ಖಣ ಮಡಚಿ ಮನೆಗೆ ಒಯ್ದರೆ ಸಂಗವ್ವ, "ಪಾಪ, ಮುಚ್ಚಿದ್ದ ಚಲೋ ಮಾಡ್ಯಾರ ಬಿಡ್ರಿ" ಎಂದು ಊರಿನವರ ಪಕ್ಷ ವಹಿಸಿದಳು.

ಇದನ್ನೆಲ್ಲ ಹೇಗೋ ನುಂಗಿಕೊಳ್ಳುತ್ತಿದ್ದ. ನುಂಗಲಾಗದೆ ಹೋದದ್ದು ಚನ್ನವ್ವ ಹಚ್ಚಿಟ್ಟ ಉಪದ್ವ್ಯಾಪ.

ಚನ್ನವ್ವ ಕುರಿ ಕಾಯುವ ಮುದುಕಿ. ನಾಲ್ಕು ತಿಂಗಳ ಹಿಂದೆ ಅವಳ ಟಗರು ಕಳೆದಿತ್ತು. ಹುಡುಕಿ ಸುಸ್ತಾಗಿ ಫ್ಯಾನಿನ ಕೆಳಗೆ ಕೂತವಳು ಎದ್ದು ರಾಣಿಯ ಮುಂದೆ ನಿಂತಳು. ದೇವರ ಮೈಗೆ ಹೂ ಅಂಟಿಸಿ, ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ ಎಂದು ಕೌಲು ಕೇಳುವುದು ಆ ಕಡೆಯ ಎಲ್ಲರಿಗೂ ಗೊತ್ತಿರುವ ಕ್ರಮ. ಅವಳು ಗುಂಡಿಗೇ ಕೌಲು ಕೇಳಿದಳು. "ಬಲಗಡಿ ರೆಕ್ಕಿ ಮ್ಯಾಲಿಂದ ಜಾರಿದ್ರ ಕುಣಿಕೋಣೂರ ಹಾದಿ, ಎಡಗಡಿಯಿಂದ ಜಾರಿದ್ರ ಬೆಳುಂಕಿ ಹಾದಿ. ಹೇಳು ನಮ್ಮವ್ವ" ಎಂದು ಹಿಡಿಕೆ ಎಳೆದು ಕೈ ಮುಗಿದು ನಿಂತಳು. ಬಲಕ್ಕೆ ಜಾರಿತು. ಟಗರು ಕುಣಿಕೋಣೂರಿನ ಹಾದಿಯಲ್ಲೇ ಸಿಕ್ಕಿತು.

ಅಲ್ಲಿಗೆ ಮುಗಿಯಿತು ಗುರುಸಿದ್ದನ ಬಾಳು. ಮರುದಿನದಿಂದ ಜನ ಬಂದರೋ ಬಂದರು. ಬೋರ್‌ವೆಲ್ ಎಲ್ಲಿ ಕೊರೆಸಬೇಕು, ಹೆಣ್ಣನ್ನು ಯಾವ ಊರಿಗೆ ಕೊಡಬೇಕು, ದಾಳಿಂಬೆ ಹಚ್ಚಬೇಕೋ ಜೋಳ ಬಿತ್ತಬೇಕೋ, ಎಲ್ಲದಕ್ಕೂ ಗುಂಡಿನ ಮನೆ. ಗೋದಾಮಿಗೆ ಊರು ಇಟ್ಟ ಹೊಸ ಹೆಸರು ಅದು. ಬಾಗಿಲಲ್ಲಿ ಚಪ್ಪಲಿ ಬಿಡುವುದು, ಹಿಡಿಕೆ ಎಳೆಯುವುದು, ಕೈ ಮುಗಿಯುವುದು. ಬಟನ್ ಮುಟ್ಟಿದರೆ ದೇವರ ಕೈ ಹಿಡಿದು ಎಳೆದಂತೆ ಎಂದು ಯಾರೂ ಮುಟ್ಟುತ್ತಿರಲಿಲ್ಲ. "ಒತ್ರಿ, ಲಗೂನ ಒತ್ರಿ" ಎಂದು ಅವನು ಪಕ್ಕದಲ್ಲಿ ಒದ್ದಾಡಿದರೆ, "ಸುಮ್ಕಿರ್ರಿ, ಕೌಲ ನಡದೈತಿ" ಎಂದು ಅವನನ್ನೇ ಗದರುತ್ತಿದ್ದರು. ಒಂದು ಆಟಕ್ಕೆ ಐದು ಗುಂಡು. ಇವರು ಒಂದು ಉರುಳಿಸಿ ಉತ್ತರ ತೆಗೆದುಕೊಂಡು ಹೋಗುವರು. ಉಳಿದ ನಾಲ್ಕನ್ನು ಜನ ಹೋದಮೇಲೆ ಅವನೊಬ್ಬನೇ ಸಿಟ್ಟಿನಿಂದ ಆಡಿ ಮುಗಿಸಬೇಕು.

"ಚನ್ನಕ್ಕಾ, ಇದು ಆಟ. ದೇವರಲ್ಲ" ಎಂದು ಒಮ್ಮೆ ಅವಳನ್ನೇ ಹಿಡಿದು ಕೂರಿಸಿ ಹೇಳಿದ.

"ನಾ ಎಲ್ಲಿ ದೇವರಂದೆ ತಮ್ಮಾ? ಕೇಳಿದೆ. ಹೇಳ್ತು" ಎಂದಳು ಅವಳು, ಎಲೆಯಡಿಕೆ ಜಗಿಯುತ್ತ.

ಇದೇ ಹೊತ್ತಿಗೆ ಗೋದಾಮಿನ ವಿಷಯ ಗ್ರಾಮಸಭೆಗೆ ಬಂತು. ಪಂಚಾಯಿತಿ ಅದನ್ನು ಅವನಿಗೆ ಕೊಟ್ಟದ್ದು ವರ್ಷದ ಮಟ್ಟಿಗೆ. ಈಗ ಗೊಬ್ಬರದ ಚೀಲ ಇಡಲು ಜಾಗ ಬೇಕು ಎಂದು ಅರ್ಧ ಊರು ಹೇಳುತ್ತಿತ್ತು. ಸರಪಂಚ ಸೋಮನಿಂಗಪ್ಪ ತಲೆಗೆ ಬಿಳಿ ಪಟಕ ಸುತ್ತುವ, ಮಾತು ಕಡಿಮೆಯ ಮನುಷ್ಯ. ಅವನು ಗುರುಸಿದ್ದನನ್ನು ದಾರಿಯಲ್ಲಿ ನಿಲ್ಲಿಸಿ, "ಈ ಪೆಟಗಿಗೂ ಊರಿಗೂ ಏನ ಸಂಬಂಧ ಐತಿ, ಅಷ್ಟ ತೋರಸು. ಉಳದದ್ದು ನೋಡೋಣು" ಎಂದಿದ್ದ. ಗುರುಸಿದ್ದನಿಗೆ ನಿದ್ದೆ ಹತ್ತದಾಯಿತು. ಗೋದಾಮು ಹೋದರೆ ಯಂತ್ರಗಳನ್ನು ಇಡಲು ಇನ್ನೊಂದು ಸೂರಿಲ್ಲ. ಗುಜರಿಯವನಿಗೇ ಕೂಗು ಹಾಕಬೇಕು. ಒಂದೊಂದು ತಂತಿಯನ್ನೂ ಬೆಸೆದು ಮೂವತ್ತೊಂದು ವರ್ಷ ಉಳಿಸಿದ್ದನ್ನು ತಾನೇ ಸುತ್ತಿಗೆಗೆ ಕೊಡಬೇಕು.

ಸೋಮವಾರ ಗ್ರಾಮಸಭೆ ಸೇರಿದ್ದು ಗೋದಾಮಿನಲ್ಲೇ. ಕಾರಣ ಮತ್ತೆ ಆ ದರಿದ್ರ ಫ್ಯಾನು. ಗುರುಸಿದ್ದ ರಾತ್ರಿಯೆಲ್ಲ ತಲೆಯಲ್ಲಿ ಜೋಡಿಸಿಕೊಂಡ ಭಾಷಣವನ್ನು ಅರ್ಧ ಹೇಳಿದ್ದ, ಅಷ್ಟರಲ್ಲಿ ಗೊಬ್ಬರದವರು ಎದ್ದರು, ಗದ್ದಲವಾಯಿತು. ಕೈ ಎತ್ತಿಸಿದರೆ ಎರಡೂ ಕಡೆ ಸರಿಸಮ. ಗ್ರಾಮಸೇವಕ ಶಿವಪುತ್ರ ಸಭೆಯ ನಿರ್ಣಯ ಬರೆಯುವ ಠರಾವಿನ ಪುಸ್ತಕ ತೆರೆದು ಪೆನ್ನು ಹಿಡಿದೇ ಕೂತಿದ್ದ. ಸೋಮನಿಂಗಪ್ಪ ಮೀಸೆ ತಿರುವಿ, ಎದ್ದು ಚಪ್ಪಲಿ ಬಿಟ್ಟ.

"ಜಗಳ ಯಾಕ? ರಾಣೀನ ಕೇಳೋಣು. ಬಲಕ್ಕ ಜಾರಿದ್ರ ಇವು ಇಲ್ಲೇ ಇರ್ತಾವ. ಎಡಕ್ಕ ಜಾರಿದ್ರ ಗೊಬ್ಬರ."

ಎಲ್ಲರೂ ತಲೆಯಾಡಿಸಿದರು. ಗುರುಸಿದ್ದನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಇಂಥ ಮಂದಿಗೆ ಏನು ಹೇಳುವುದು, ಯಾವ ಭಾಷೆಯಲ್ಲಿ ಹೇಳುವುದು? ತನ್ನ ಇಡೀ ಜೀವಮಾನವನ್ನು ಒಂದು ಗುಂಡಿನ ಮೇಲೆ ಇಟ್ಟಿದ್ದರು, ಅದೂ ಆಡದೆ. ಆದರೂ ಹೋಗಿ ರಾಣಿಯ ಎಡಗಡೆ ನಿಂತ. ಬಟನ್ ಅವನ ಕೈಗೆ ಎಟುಕುವಷ್ಟು ಹತ್ತಿರದಲ್ಲೇ ಇತ್ತು.

ಸೋಮನಿಂಗಪ್ಪ ಹಿಡಿಕೆ ಎಳೆದು ಬಿಟ್ಟ. ಗುಂಡು ಮೇಲಕ್ಕೆ ಹೋಗಿ ಮೂರು ಗಂಟೆ ಬಾರಿಸಿ, ಒಂದು ಗೂಟಕ್ಕೆ ತಾಗಿ ಇತ್ತ ತಿರುಗಿ, ಅವಸರವೇ ಇಲ್ಲದೆ ಇಳಿದು ಬಂತು. ಎಡ ರೆಕ್ಕೆಯ ಮೇಲೆ ಬಂದು ನಿಧಾನಕ್ಕೆ ಉರುಳತೊಡಗಿತು. ಎಳೆಯ ಮಗುವೂ ಅಟ್ಟಬಹುದಾದ ಗುಂಡು ಅದು. ಉರುಳಿತು, ತುದಿಗೆ ಬಂತು, ಜಾರಿತು.

ಗುರುಸಿದ್ದ ತನ್ನ ಕೈ ನೋಡಿಕೊಂಡ. ಎರಡೂ ಕೈ ಎದೆಯ ಮುಂದೆ ಮುಗಿದುಕೊಂಡಿದ್ದವು. ಯಾವಾಗ ಮುಗಿದನೋ ಅವನಿಗೇ ಗೊತ್ತಿರಲಿಲ್ಲ. ನಾಚಿಕೆಯಿಂದ ಅವನ ಕಿವಿ ಬಿಸಿಯಾದವು.

"ಎಲಾ ಇವನ" ಎಂದು ಹಿಂದಿನಿಂದ ಚನ್ನವ್ವನ ದನಿ ಬಂತು. ಜನರನ್ನು ಸರಿಸುತ್ತ ಮುಂದೆ ಬಂದಳು. "ಒತ್ರಿ ಒತ್ರಿ ಅಂತ ನಾಕ ತಿಂಗಳಿಂದ ನಮ್ಮ ಜೀವಾ ತಿಂದಿ. ಇವತ್ತ ನಿಂದ ಗುಂಡ ಬಂದಾಗ ನಿನ್ನ ಕೈಗೇನಾಗಿತ್ತು?"

ಅವನು ಮುಗಿದ ಕೈ ಬಿಡಿಸಿ ಬೆನ್ನ ಹಿಂದೆ ಅಡಗಿಸಿಕೊಂಡ.

ಅಷ್ಟರಲ್ಲಿ ಯಂತ್ರದ ಹೊಟ್ಟೆಯಲ್ಲಿ ಟಕ್ ಎಂದಿತು. ಇನ್ನೊಂದು ಗುಂಡು ಹಿಡಿಕೆಯ ಮುಂದೆ ಬಂದು ಕೂತಿತು. ರಾಣಿಯ ಕಾಲ ಕೆಳಗೆ 'ಎರಡು' ಎಂಬ ಅಂಕಿಯ ದೀಪ ಹತ್ತಿತು.

"ಇನ್ನೂ ನಾಕ ಅದಾವ" ಎಂದಳು ಚನ್ನವ್ವ. "ಆಡು."

"ಕೈ ಹಚ್ಚಿದ್ರ ಅದು ಕೌಲ ಹೆಂಗಾಗ್ತೈತಿ, ಚನ್ನವ್ವಾ?" ಎಂದ ಸೋಮನಿಂಗಪ್ಪ.

"ಸರಪಂಚರ, ನನ್ನ ಟಗರ ಕುಣಿಕೋಣೂರ ಹಾದ್ಯಾಗ ಐತಿ ಅಂತ ಗುಂಡ ಹೇಳ್ತು. ಖರೆ. ಆದ್ರ ಆ ಬಿಸಲಾಗ ನಡದಾಕಿ ನಾ. ಮುಳ್ಳಾಗಿಂದ ಬಿಡಿಸಿದಾಕಿ ನಾ. ಟಗರೇನ ತಾನ ನನ್ನ ಮನಿಗಿ ಬರಲಿಲ್ಲ. ಕೇಳೂದ ಕೇಳಬೇಕ್ರಿ. ಕೇಳಿದ ಮ್ಯಾಲ ಕೈ ಕಟಗೊಂಡ ನಿಂದರಂತ ಯಾವ ದೇವರ ಹೇಳ್ಯಾನ?"

ಸೋಮನಿಂಗಪ್ಪ ಹಿಂದೆ ಸರಿದು ಜಾಗ ಬಿಟ್ಟ.

ಗುರುಸಿದ್ದ ಎರಡೂ ಬಟನ್ ಮೇಲೆ ಬೆರಳಿಟ್ಟ. ಹಿಡಿಕೆಯನ್ನು ಚನ್ನವ್ವನೇ ಎಳೆದಳು. ಗುಂಡು ಹೋಯಿತು, ಬಂತು, ಎಡ ರೆಕ್ಕೆ ಟಪ್ಪನೆ ಬಡಿಯಿತು. ಮತ್ತೆ ಹೋಯಿತು. ಮೂರನೆಯ ಸಲಕ್ಕೆ ಕೈಗೆ ಹಳೆಯ ರೂಢಿ ಮರಳಿತು. ಬಂದ ಗುಂಡನ್ನು ರೆಕ್ಕೆ ಎತ್ತಿ ಹಿಡಿದು ಅಲ್ಲೇ ನಿಲ್ಲಿಸಿ, ಗುರಿ ನೋಡಿ, ಎತ್ತಬೇಕಾದಲ್ಲಿಗೆ ಎತ್ತಿದ. ಗಂಟೆಗಳು ಒಂದರ ಹಿಂದೊಂದು ಹೊಡೆದುಕೊಂಡವು, ರಾಣಿಯ ಹಿಂದಿನ ದೀಪಗಳೆಲ್ಲ ಹತ್ತಿದವು. ಊರಿನವರು ಆ ದೀಪಗಳನ್ನು ನೋಡಿದ್ದು ಅದೇ ಮೊದಲು. ಹಿಂದಿದ್ದವರು ಮುಂದೆ ಬಂದರು, ಮುಂದಿದ್ದವರು ಗಾಜಿನ ಮೇಲೆ ಬಾಗಿದರು. ಗೊಬ್ಬರದ ಪಕ್ಷದ ಸಾತಪ್ಪ ಗುಂಡು ಎಡಕ್ಕೆ ಬಂದಾಗಲೆಲ್ಲ ತನ್ನ ಎಡಗೈಯನ್ನೂ ಅಲ್ಲಾಡಿಸತೊಡಗಿದ. ಗುರುಸಿದ್ದನಿಗೆ ಯಾರ ಮೇಲಿನ ಸಿಟ್ಟೂ ನೆನಪಿರಲಿಲ್ಲ. ಜೀವನದಲ್ಲಿ ಅಷ್ಟು ಖುಷಿಯಾಗಿ ಅವನು ಎಂದೂ ಆಡಿರಲಿಲ್ಲ.

ಕೊನೆಗೊಮ್ಮೆ ಗುಂಡು ನೆಟ್ಟಗೆ ಬಂತು. ಎಡ ರೆಕ್ಕೆಗೂ ತಾಗದೆ, ಬಲ ರೆಕ್ಕೆಗೂ ತಾಗದೆ ನಟ್ಟನಡುವೆ ಗುಳುಂ ಎಂದಿತು.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಡುವ ಬಿತ್ತಲ್ಲ" ಎಂದ ಸೋಮನಿಂಗಪ್ಪ. "ಇದು ಹೌದೋ, ಇಲ್ಲೋ?"

"ಇದು ಆಟ್ರಿ ಸರಪಂಚರ" ಎಂದ ಗುರುಸಿದ್ದ. ದನಿಯಲ್ಲಿ ಹತ್ತು ತಿಂಗಳ ದಣಿವಿತ್ತು.

ಟಕ್ ಎಂದು ಮೂರನೆಯ ಗುಂಡು ಬಂದು ಕೂತಿತು. ಸೋಮನಿಂಗಪ್ಪ ಅದನ್ನೇ ನೋಡಿದ. ಪಟಕ ತೆಗೆದು ಸಾತಪ್ಪನ ಕೈಗೆ ಕೊಟ್ಟ. ಅಂಗಿಯ ತೋಳು ಮಡಚಿದ.

"ಸರಕೊ. ಆ ಬಟನ್ ಎಲ್ಲದಾವ ತೋರಸು."

ರೆಕ್ಕೆಯಿಂದ ಮೊದಲ ಏಟು ಹೊಡೆದು ಅವನು ಮಗುವಿನ ಹಾಗೆ ನಕ್ಕ. ನಕ್ಕ ಸೋಮನಿಂಗಪ್ಪನನ್ನು ಊರು ಕಂಡು ಎಷ್ಟೋ ವರ್ಷವಾಗಿತ್ತು. ಹಿಂದೆ ಶಿವಪುತ್ರ ಇನ್ನೂ ಪುಸ್ತಕ ತೆರೆದೇ ಕೂತಿದ್ದ.

"ಸಾಹೇಬ್ರ, ಠರಾವಿನ್ಯಾಗ ಏನಂತ ಬರೀಲ್ರಿ?"

"ಕೌಲ ಇನ್ನೂ ಮುಗದಿಲ್ಲಂತ ಬರಿ" ಎಂದ ಸೋಮನಿಂಗಪ್ಪ, ಗಾಜಿನಿಂದ ಕಣ್ಣು ಕೀಳದೆ. "ಮುಗಿಯೂತನಕ ಪೆಟಗಿ ಇಲ್ಲೇ ಇರಲಿ."

ಅವನ ಹಿಂದೆ ಆಗಲೇ ಸಾಲು ಕಟ್ಟಿತ್ತು. ಅದರಲ್ಲಿ ಸಾತಪ್ಪನೂ ಇದ್ದ. ಬಾಗಿಲಲ್ಲಿ ಬುತ್ತಿ ಹಿಡಿದು ನಿಂತಿದ್ದ ಸಂಗವ್ವನೂ, ಬುತ್ತಿಯನ್ನು ನೆಲಕ್ಕಿಟ್ಟು, ಸಾಲಿನ ಬಾಲಕ್ಕೆ ಸೇರಿಕೊಂಡಳು. ಗುರುಸಿದ್ದನ ಕಣ್ಣು ತುಂಬಿ ಬಂದವು. ಅದನ್ನು ಯಾರಾದರೂ ನೋಡುವ ಮೊದಲೇ ಸರಪಂಚ ಗಾಬರಿಯಲ್ಲಿ ಎರಡೂ ಬಟನ್ ಒಟ್ಟಿಗೇ ಒತ್ತಿ, ಪೆಟ್ಟಿಗೆಗೆ ಮೊಣಕಾಲಿನಿಂದ ಒಂದು ಗುದ್ದು ಕೊಟ್ಟು, ಗುಂಡು ಕಳೆದುಕೊಂಡ.

"ಎರಡೂ ಕೂಡೇ ಒತ್ತಬ್ಯಾಡ್ರಿ" ಎಂದು ಗುರುಸಿದ್ದ ಒಡೆದ ಗಂಟಲಿನಲ್ಲಿ ಕೂಗಿದ. "ಎಷ್ಟ ಸಲ ಹೇಳಬೇಕ್ರಿ ನಿಮಗ."