ತಂಪು ಅವಕ್ಕೆ, ಶಾಲು ನನಗೆ

ನನ್ನ ತಮ್ಮ ತೀರಿಕೊಂಡ ಮೇಲೂ ಅವನ ಧ್ವನಿ ಮನೆಯಲ್ಲಿ ಉಳಿದಿತ್ತು. ದೇವರು ಅಷ್ಟನ್ನಾದರೂ ನನಗೆ ಬಿಟ್ಟ ಎಂದುಕೊಂಡು ಸಮಾಧಾನದಿಂದಿದ್ದೆ. ಅದೂ ಕೈತಪ್ಪಿ ಹೋಗುವ ಹಾಗೆ ಒಮ್ಮೆ ಆಯಿತು.

ತಮ್ಮ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ. ಅಲ್ಲಿನವರು ಅವನನ್ನು ಪಂಡಿತ ಎಂದು ಕರೆಯುತ್ತಿದ್ದರು. ಮೊದಮೊದಲು ಅದು ಗೇಲಿಯ ಹೆಸರು. ಬರಬರುತ್ತ ಗೇಲಿ ಉದುರಿಹೋಗಿ ಹೆಸರು ಮಾತ್ರ ಉಳಿಯಿತು. ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಅವನು ಮದುವೆಯಾಗಲಿಲ್ಲ, ನಮ್ಮ ಜೊತೆಯಲ್ಲೇ ಇದ್ದ. ರಾತ್ರಿ ಊಟಕ್ಕೆ ಕುಳಿತಾಗ ನನ್ನ ಹೆಂಡತಿ ಅವನನ್ನು ಕೆಣಕುತ್ತಿದ್ದಳು. ಊರವರ ಯಂತ್ರವೆಲ್ಲ ಸರಿಮಾಡುವ ಮೈದುನನಿಗೆ ನಮ್ಮ ಅಡುಗೆಮನೆಯ ಕಿಟಕಿಯ ಚಿಲಕ ಮಾತ್ರ ಕಣ್ಣಿಗೆ ಬೀಳುವುದಿಲ್ಲ ಎನ್ನುತ್ತಿದ್ದಳು. ಅವನು ನಗುತ್ತಾ ಇನ್ನೊಂದು ತುತ್ತು ಬಾಯಿಗಿಡುತ್ತಿದ್ದ. ಆ ಚಿಲಕ ಅವಳು ತೀರಿಕೊಂಡ ಮೇಲೂ ಹಾಗೆಯೇ ಇತ್ತು. ಈಗಲೂ ಹಾಗೆಯೇ ಇದೆ.

ಅವನ ಆಸ್ಪತ್ರೆಗೆ ನಾನು ಆಗಾಗ ಹೋಗುತ್ತಿದ್ದೆ. ಉದ್ದನೆಯ ಪಡಸಾಲೆಯ ಕೊನೆಯಲ್ಲಿ, ಗಾಜಿನ ಬಾಗಿಲಿನಾಚೆ, ಯಂತ್ರಗಳ ಕೋಣೆ. ಬೇಸಗೆಯಲ್ಲೂ ಒಳಗೆ ಚಳಿ ಕೊರೆಯುತ್ತಿತ್ತು. ಕಪಾಟಿನಂತಹ ಎತ್ತರದ ಯಂತ್ರಗಳು ಸಾಲಾಗಿ ನಿಂತು ಒಂದೇ ಸಮನೆ ಗುಂಯ್ಗುಡುತ್ತಿದ್ದವು. ನನ್ನ ತಮ್ಮ ಕಂದು ಬಣ್ಣದ ಉಣ್ಣೆಯ ಶಾಲು ಹೊದ್ದು ಅವುಗಳ ನಡುವೆ ಓಡಾಡುತ್ತಿದ್ದ. ಇಷ್ಟು ಚಳಿ ಏಕೆ, ಸ್ವಲ್ಪ ಕಡಿಮೆ ಮಾಡಬಾರದೇ ಎಂದು ನಾನು ಕೇಳಿದ್ದೆ.

"ತಂಪು ಅವಕ್ಕೆ, ಶಾಲು ನನಗೆ" ಅಂದಿದ್ದ.

ಬಂದವರೆಲ್ಲ ಅದನ್ನೇ ಕೇಳುತ್ತಿದ್ದರು, ಅವನು ಅದನ್ನೇ ಹೇಳುತ್ತಿದ್ದ. ಆ ಕೋಣೆಯ ಬೀಗ ಕಾಯುತ್ತಿದ್ದ ಹೆಂಗಸೊಬ್ಬಳಿದ್ದಳು, ಅವನ ಕೈಕೆಳಗೆ ಕೆಲಸ ಕಲಿತವಳು. ಸೊಂಟದಲ್ಲಿ ಸದಾ ಬೀಗದ ಕೈಗಳ ಗೊಂಚಲು ಇರುತ್ತಿದ್ದುದರಿಂದ ತಮ್ಮ ಅವಳನ್ನು ಕೀಲಿಕೈ ಎಂದೇ ಕೂಗುತ್ತಿದ್ದ. ಯಾರಾದರೂ ಒಳಗೆ ಬಂದು ಕೈ ಉಜ್ಜಿಕೊಂಡರೆ ಸಾಕು, ಅವನು ಬಾಯಿ ತೆರೆಯುವುದಕ್ಕೆ ಮುಂಚೆ ಅವಳೇ ಆ ಮಾತು ಹೇಳಿ ಮುಗಿಸುತ್ತಿದ್ದಳು.

ಅವನದೊಂದು ವಿಚಿತ್ರ ಪದ್ಧತಿ. ಯಾರದಾದರೂ ಕಂಪ್ಯೂಟರ್ ಕೆಟ್ಟಿದೆ ಎಂದು ಕರೆ ಬಂದರೆ, ಒಂದು ಗಿಡ್ಡ ಸ್ಟೂಲು ಹಿಡಿದುಕೊಂಡು ಹೊರಡುವನು. ಅವರನ್ನು ಎಬ್ಬಿಸಿ ಅವರ ಕುರ್ಚಿಯಲ್ಲಿ ತಾನು ಕೂರುತ್ತಿರಲಿಲ್ಲ. ಅವರನ್ನು ಅಲ್ಲೇ ಕೂರಿಸಿ, ಹಿಂದುಗಡೆ ಸ್ಟೂಲು ಹಾಕಿಕೊಂಡು, ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು, ದಿನಾ ಮಾಡುವ ಹಾಗೆಯೇ ಮಾಡಿ ಎನ್ನುವನು. ಕೀಲಿಮಣೆಯನ್ನು ಮುಟ್ಟುತ್ತಿರಲಿಲ್ಲ. ಹೊಸ ಅಧಿಕಾರಿಯೊಬ್ಬರು ಇದನ್ನು ನೋಡಿ, ಈ ಮನುಷ್ಯ ಕೈ ನೋಯಿಸಿಕೊಳ್ಳದೆ ಸಂಬಳ ತೆಗೆದುಕೊಳ್ಳುತ್ತಾನೆ ಎಂದು ಹಂಗಿಸಿದ್ದರಂತೆ. ತಮ್ಮ ಅದನ್ನು ಮನೆಗೆ ಬಂದು ಹೊಗಳಿಕೆಯೆಂಬಂತೆ ಹೇಳಿದ.

ಒಂದು ಸಲ ನಾನು ಹೋಗಿದ್ದಾಗ ಚೀಟಿ ಕೊಡುವ ಕಿಟಕಿಯ ಹೆಂಗಸು ಅವನನ್ನು ಕರೆಸಿದ್ದಳು. ಪ್ರಿಂಟರು ಪ್ರತಿ ಚೀಟಿಯನ್ನೂ ಎರಡೆರಡು ಸಲ ಅಚ್ಚು ಹಾಕುತ್ತಿತ್ತು. ಬಂದ ಮೆಕ್ಯಾನಿಕ್ಕುಗಳು ಪ್ರಿಂಟರನ್ನು ಬಿಚ್ಚಿ ಜೋಡಿಸಿ ಹೋಗಿದ್ದರು, ಗುಣವಾಗಿರಲಿಲ್ಲ. ತಮ್ಮ ಅವಳ ಹಿಂದೆ ಕೂತ. ಸಾಲು ಮುಂದೆ ಸಾಗುತ್ತಿತ್ತು. ನಾನು ಬಾಗಿಲಲ್ಲಿ ನಿಂತಿದ್ದೆ. ಸ್ವಲ್ಪ ಹೊತ್ತಿನಲ್ಲಿ ನನಗೂ ಕಂಡಿತು. ಗುಂಡಿ ಒತ್ತಿದ ಮೇಲೆ ಯಂತ್ರ ಒಂದು ಗಳಿಗೆ ಸುಮ್ಮನಿರುತ್ತಿತ್ತು. ಅವಳು ಆ ಗಳಿಗೆಯನ್ನು ತಡೆಯಲಾರದೆ ಮತ್ತೊಮ್ಮೆ ಒತ್ತುತ್ತಿದ್ದಳು. ಎದುರಿಗೆ ಕಾಯಿಲೆಯವರು ನಿಂತಿದ್ದರೆ ಯಾರಿಗೆ ತಾಳ್ಮೆ ಇರುತ್ತದೆ? ತಪ್ಪು ನಿಮ್ಮದೇ ಎಂದು ತಮ್ಮ ಹೇಳಲಿಲ್ಲ.

"ಇದಕ್ಕೆ ಕಿವಿ ಸ್ವಲ್ಪ ಮಂದ ಅಮ್ಮಾ. ಒಂದ್ಸಲ ಹೇಳಿ, ಒಂದು ಗುಟುಕು ನೀರು ಕುಡೀರಿ. ಅಷ್ಟ್ರಲ್ಲಿ ಅದಕ್ಕೆ ಕೇಳ್ಸಿರುತ್ತೆ" ಅಂದ.

ಅವಳು ನಕ್ಕಳು. ಅಂದಿನಿಂದ ಆ ಕಿಟಕಿಯಲ್ಲಿ ಒಂದು ನೀರಿನ ಬಾಟಲಿ ಇರುತ್ತಿತ್ತು, ಚೀಟಿ ಒಂದೊಂದೇ ಬರುತ್ತಿತ್ತು.

ಮನೆಗೆ ನಡೆದು ಬರುವಾಗ ನಾನು ಕೇಳಿದೆ, ನಿನಗೆ ಗೊತ್ತಿರುವ ಕೆಲಸವನ್ನು ನೀನೇ ಕೂತು ಕಣ್ಣು ಮಿಟುಕಿಸುವುದರೊಳಗೆ ಮುಗಿಸಬಾರದೇ, ಈ ಸ್ಟೂಲಿನ ಸೇವೆ ಯಾತಕ್ಕೆ ಎಂದು.

"ನನಗೆ ಗೊತ್ತಿರೋದು ಯಂತ್ರ, ಅಣ್ಣ. ಅದು ಹ್ಯಾಗೆ ಕೆಟ್ಟಿತು ಅಂತ ಗೊತ್ತಿರೋದು ಅದರ ಮುಂದೆ ಕೂತವರಿಗೆ. ಅವರು ಬಾಯಿ ಬಿಡಲ್ಲ, ನಾಚಿಕೆ. ಆ ನಾಚಿಕೆ ಇಳಿಯೋವರೆಗೂ ಸುಮ್ನೆ ಕೂತಿರೋದೇ ನನ್ನ ವಿದ್ಯೆ. ಉಳಿದಿದ್ದು ಯಾರು ಬೇಕಾದ್ರೂ ಕಲೀಬಹುದು."

ಕರಡು ತಿದ್ದಿ ತಿದ್ದಿ ನನ್ನ ಕಣ್ಣು ಸೋತಿತು. ಕೆಲಸ ಬಿಟ್ಟ ಮೇಲೆ ಅಕ್ಷರ ಕಾಣುವುದೇ ಕಷ್ಟವಾಯಿತು. ನಿತ್ಯ ಬೆಳಿಗ್ಗೆ ಓದುತ್ತಿದ್ದ ಪ್ರಾರ್ಥನೆಯ ಪುಸ್ತಕ ಕೈಯಲ್ಲಿ ಹಿಡಿದು ಸುಮ್ಮನೆ ಕೂತಿರುತ್ತಿದ್ದೆ. ತಮ್ಮ ಅದನ್ನು ಕಂಡ. ಅವನಿಗೂ ನಿವೃತ್ತಿಯಾಗಿ, ಆ ಸ್ಟೂಲು ಮನೆಗೆ ಬಂದಿತ್ತು. ಮೈಕೊಂದನ್ನು ತಂದು, ಬಾಗಿಲು ಹಾಕಿಕೊಂಡು, ಇಡೀ ಪುಸ್ತಕವನ್ನು ಅಧ್ಯಾಯ ಅಧ್ಯಾಯವಾಗಿ ಓದಿ ತನ್ನ ಕಂಪ್ಯೂಟರಿನೊಳಗೆ ತುಂಬಿಟ್ಟ. ಯಾವುದನ್ನು ಒತ್ತಬೇಕು ಎಂದು ನನ್ನ ಕೈಯಲ್ಲೇ ಮಾಡಿಸಿ ಕಲಿಸಿದ. ನಾನು ಎಲ್ಲಾದರೂ ಹೋಗಿದ್ದರೆ ನಿನ್ನ ದೇವರು ಕಾಯಬಾರದಲ್ಲ ಎಂದು ತಮಾಷೆ ಮಾಡಿದ.

ಅವನು ಹೋದದ್ದು ಒಂದು ಮಧ್ಯಾಹ್ನ, ಮಲಗಿದಲ್ಲೇ. ಎಲ್ಲ ಮುಗಿದ ಮೇಲೆ ನನ್ನ ಮಗಳು ಚಿಕ್ಕಪ್ಪನ ಬಟ್ಟೆಬರೆಯನ್ನು ಯಾರುಯಾರಿಗೋ ಕೊಟ್ಟಳು. ಶಾಲನ್ನು ಮಾತ್ರ ನಾನು ಕೊಡಲಿಲ್ಲ. ಹೊದೆಯುವುದಕ್ಕೂ ಮನಸ್ಸು ಬರಲಿಲ್ಲ. ಬೆಳಿಗ್ಗೆ ಪ್ರಾರ್ಥನೆಗೆ ಕೂರುವಾಗ ಅದನ್ನು ಕಪಾಟಿನಿಂದ ತೆಗೆದು, ಮೇಜಿನ ಕೆಳಗಿದ್ದ ಅವನ ಕಂಪ್ಯೂಟರಿನ ಪೆಟ್ಟಿಗೆಗೆ ಸುತ್ತಲೂ ಹೊದಿಸುತ್ತಿದ್ದೆ, ಮಲಗಿದವರಿಗೆ ಹೊದಿಸಿ ಅಂಚು ಒತ್ತುತ್ತೇವಲ್ಲ, ಹಾಗೆ. ಆಗ ಅವನ ಧ್ವನಿ ಅವನಿರುವ ಕಡೆಯಿಂದಲೇ ಬಂದಂತೆ ಅನ್ನಿಸುತ್ತಿತ್ತು. ಮುಗಿದ ಕೂಡಲೇ ತೆಗೆದು ಮಡಿಸಿಡುತ್ತಿದ್ದೆ. ಮಗಳು ಕಂಡರೆ ಅಪ್ಪನಿಗೆ ಅರಳುಮರಳು ಎಂದುಕೊಂಡಾಳು ಎಂಬ ಸಂಕೋಚ.

ಸೆಕೆ ಶುರುವಾದ ಮೇಲೆ ಯಂತ್ರ ತಕರಾರು ತೆಗೆಯಿತು. ಅಧ್ಯಾಯದ ನಡುವೆ, ತಮ್ಮ ಒಂದು ಸಾಲನ್ನು ಅರ್ಧ ಓದಿರುವಾಗ, ತಟ್ಟನೆ ಆರಿಹೋಗುತ್ತಿತ್ತು. ಆ ಕೊನೆಯ ಮಧ್ಯಾಹ್ನವೂ ಅವನು ಹಾಗೆಯೇ ಮಾತಿನ ಮಧ್ಯೆ ಮಲಗಲೆಂದು ಎದ್ದುಹೋದವನು. ದಿನವೂ ಮತ್ತೆ ಮತ್ತೆ ಅವನು ಹಾಗೆ ಹೋಗುವುದನ್ನು ಕೇಳಿಸಿಕೊಳ್ಳುವುದು ನನ್ನಿಂದಾಗಲಿಲ್ಲ.

ಮಗಳು ಕಂಪ್ಯೂಟರ್ ಅಂಗಡಿಯವನನ್ನು ಕರೆಸಿದಳು. ಪರರೆದುರು ಶಾಲು ಹೇಗೆ ಹೊದಿಸಲಿ? ಅದು ಕಪಾಟಿನಲ್ಲೇ ಇತ್ತು. ಅವನು ಹಾಕಿ ನೋಡಿದ. ಅವನಿದ್ದಷ್ಟು ಹೊತ್ತೂ ಯಂತ್ರ ಸಾಧುವಾಗಿ ನಡೆಯಿತು. ಹೀಗೆ ಒಮ್ಮೆ ಕೆಟ್ಟು ಒಮ್ಮೆ ಸರಿಯಿರುವುದನ್ನೇ ನಂಬಬಾರದು, ಯಂತ್ರಕ್ಕೆ ವಯಸ್ಸಾಗಿದೆ, ನಾಳೆ ಒಯ್ದು ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಡುತ್ತೇನೆ ಎಂದ. ಒಳಗಿದ್ದದ್ದು ಉಳಿಯುತ್ತದೆಯೇ ಎಂದು ಮಗಳು ಕೇಳಿದಳು. ಪ್ರಯತ್ನ ಮಾಡುತ್ತೇನೆ, ಮಾತು ಕೊಡಲಾರೆ ಎಂದ. ಒಳ್ಳೆಯವನೇ, ಆದರೆ ಅವನಿಗೆ ಇನ್ನೂ ಬೇಕಾದಷ್ಟು ಮನೆಗಳಿದ್ದವು.

ಆ ಸಂಜೆ ನಾನು ಕೀಲಿಕೈಗೆ ಫೋನು ಮಾಡಿಸಿದೆ. ಅವಳೂ ಈಗ ತಲೆ ನರೆತವಳು, ಯಂತ್ರಗಳ ಕೋಣೆಗೆಲ್ಲ ಅವಳೇ ಒಡತಿ. ಬೆಳಿಗ್ಗೆಯೇ ಬಂದಳು. ಬಂದವಳು ಯಂತ್ರದ ಕಡೆ ನೋಡಲಿಲ್ಲ. ಸುತ್ತ ಕಣ್ಣಾಡಿಸಿ, ಮೂಲೆಯಲ್ಲಿದ್ದ ತಮ್ಮನ ಸ್ಟೂಲನ್ನು ಎಳೆದು, ನನ್ನ ಕುರ್ಚಿಯ ಹಿಂದೆ ಹಾಕಿಕೊಂಡು ಕೂತಳು. ನಾನು ತಿರುಗಿ ನೋಡಿದೆ. ಎರಡು ಕೈಯೂ ಮಡಿಲಲ್ಲಿದ್ದವು.

"ದಿನಾ ಮಾಡೋ ಹಾಗೇ ಮಾಡಿ ಅಣ್ಣಾ" ಅಂದಳು.

ಕೈ ಮುಗಿದು ಕಣ್ಣು ಮುಚ್ಚಿದೆ. ಒತ್ತಿದೆ. ತಮ್ಮ ಓದತೊಡಗಿದ. ಅವಳು ಕದಲಲಿಲ್ಲ. ಅಧ್ಯಾಯ ಎಲ್ಲಿಯೂ ನಿಲ್ಲದೆ ಮುಗಿಯಿತು. ನೋಡಿದೆಯಾ, ನಿನ್ನೆಯವನ ಮುಂದೆಯೂ ಹೀಗೇ ನಾಟಕ ಆಡಿತು ಎಂದೆ. ಅಡುಗೆಮನೆಯಲ್ಲಿ ಮಗಳು ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಅಂಗಡಿಯವನು ಬರುವ ಹೊತ್ತಾಗುತ್ತಿತ್ತು.

"ಒಬ್ಬರೇ ಇರುವಾಗ ಮಾಡೋದು ಏನೋ ಒಂದು ಬಿಟ್ಟಿದೀರಿ" ಅಂದಳು. ಮೆಲ್ಲಗೆ ಎದ್ದುಹೋಗಿ ಬಾಗಿಲು ಮುಂದೆ ಮಾಡಿ ಬಂದು, ಮತ್ತೆ ಸ್ಟೂಲಿನ ಮೇಲೆ ಕೂತಳು. "ನನಗೇನೂ ಅವಸರ ಇಲ್ಲ."

ನನಗೆ ಮೈಯೆಲ್ಲ ನಾಚಿಕೆ. ಆದರೂ ಎದ್ದೆ. ಕಪಾಟು ತೆರೆದು ಶಾಲು ತೆಗೆದೆ. ಬಗ್ಗಿ ಪೆಟ್ಟಿಗೆಗೆ ಹೊದಿಸಿ, ಹಿಂದುಗಡೆಯ ಅಂಚನ್ನೂ ಒತ್ತಿದೆ. ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಮುಂದಿನ ಅಧ್ಯಾಯ ಹಾಕಿದೆ. ತಮ್ಮ ಓದುತ್ತಾ ಹೋದ, ಓದುತ್ತಾ ಹೋದ, ಒಂದು ಸಾಲಿನ ನಡುವೆ ಆರಿಹೋದ.

ಕೀಲಿಕೈ ನಗಲಿಲ್ಲ. ಬಗ್ಗಿ ಪೆಟ್ಟಿಗೆಯ ಹಿಂಬದಿಗೆ ಅಂಗೈ ಇಟ್ಟಳು. ಜ್ವರ ಬಂದವರ ಹಣೆ ಮುಟ್ಟಿ ನೋಡಿದ ಹಾಗಿತ್ತು. ಅಲ್ಲಿ ಸಣ್ಣಸಣ್ಣ ತೂತುಗಳಿದ್ದವು. ಬಿಸಿಯನ್ನು ಹೊರಗೆ ಬಿಡುವ ಫ್ಯಾನು ಅಲ್ಲಿತ್ತಂತೆ. ಆಮೇಲೆ ಶಾಲನ್ನು ತೆಗೆದು, ಎರಡು ಸಲ ಕೊಡವಿ, ನನ್ನ ಹೆಗಲ ಮೇಲೆ ಹಾಕಿದಳು.

"ತಂಪು ಅವಕ್ಕೆ" ಅಂದಳು. ಉಳಿದರ್ಧ ಹೇಳಲು ಅವಳಿಗೂ ಆಗಲಿಲ್ಲ.

ಸೆಕೆಯಲ್ಲಿ ಉಣ್ಣೆಯ ಶಾಲು ಹೊದ್ದು ಕೂತು ನಾನು ಅತ್ತೆ. ತಮ್ಮ ಹೋದ ದಿನ ಬಾರದ ಕಣ್ಣೀರು ಆಗ ಬಂತು. ಅವಳು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು. ಆಮೇಲೆ ತಾನೇ ಹೊರಗೆ ಹೋಗಿ, ಧೂಳು ಸೇರಿ ಗಾಳಿಯಾಡದೆ ಕಾದುಹೋಗಿತ್ತು, ಈಗ ಸರಿಹೋಯಿತು, ಅಂಗಡಿಯವನಿಗೆ ಬರಬೇಡ ಎಂದು ಹೇಳಿಬಿಡು ಎಂದು ಮಗಳಿಗೆ ಹೇಳಿದಳು. ಶಾಲಿನ ಮಾತೆತ್ತಲಿಲ್ಲ. ಯಂತ್ರ ತಣಿದ ಮೇಲೆ ಎಲ್ಲ ಅಧ್ಯಾಯಗಳನ್ನೂ ಬೇರೆ ಎರಡು ಕಡೆ ನಕಲು ಮಾಡಿಟ್ಟಳು. ಆಗ ಮಾತ್ರ ಅವಳು ಕೀಲಿಮಣೆ ಮುಟ್ಟಿದ್ದು, ಅದೂ ನನ್ನ ಅಪ್ಪಣೆ ಕೇಳಿ.

ಹೊರಡುವ ಮುಂಚೆ, ಆರಿಹೋದ ಅಧ್ಯಾಯವನ್ನು ಇಬ್ಬರೂ ಕೂತು ಮೊದಲಿನಿಂದ ಕೇಳಿದೆವು. ನಿಂತಿದ್ದ ಸಾಲು ದಾಟಿತು. ಅದರಾಚೆ ಏನಿತ್ತೆಂಬುದು ನನಗೆ ಮರೆತೇಹೋಗಿತ್ತು. ತಮ್ಮ ಒಂದು ಪದವನ್ನು ತಪ್ಪಾಗಿ ಓದಿದ. ಕೂಡಲೇ ದೂರದಿಂದ ಇನ್ನೊಂದು ಧ್ವನಿ ಅವನನ್ನು ತಡೆಯಿತು. ಅದು ನಾನೇ. ಕರಡು ತಿದ್ದುವವನ ಚಾಳಿ, ಅವನು ಓದಿ ತುಂಬಿಡುತ್ತಿದ್ದ ಆ ದಿನ ಬಾಗಿಲು ತೆರೆದುಕೊಂಡು ಬಂದು ತಿದ್ದುತ್ತಿದ್ದೆ. ತಮ್ಮ ಸಣ್ಣಗೆ ನಕ್ಕದ್ದು ಕೇಳಿಸಿತು.

"ಬೆನ್ನ ಹಿಂದೆ ನಿಂತ್ರೆ ನಂಗೆ ತಪ್ಪೇ ಬರೋದು ಅಣ್ಣ. ಕೂತ್ಕೋ, ಇನ್ನೊಂದ್ಸಲ ಓದ್ತೀನಿ."

ಆಮೇಲೆ ನೆಲದ ಮೇಲೆ ಸ್ಟೂಲು ಎಳೆಯುವ ಸದ್ದು. ನಾನು ಕೂತಿರಬೇಕು. ಅವನು ಗಂಟಲು ಸರಿಮಾಡಿಕೊಂಡು ಆ ಸಾಲನ್ನು ಮೊದಲಿನಿಂದ, ನಿಧಾನವಾಗಿ, ತಪ್ಪಿಲ್ಲದೆ ಓದಿ ಮುಗಿಸಿದ.