ಆ ಕಡೆಯ ಗಿರಾಕಿ

ಮುಂದಿನ ಗಾಡಿಯ ಬ್ರೇಕ್ ದೀಪ ಆರಿತು, ಸರಿ, ಒಂದು ಗಾಡಿಯಷ್ಟು ಜಾಗ ಆಯಿತು, ಇಳಿ, ತಳ್ಳು — ಎಂಜಿನ್ ಹಚ್ಚುವ ಮಾತೇ ಇಲ್ಲ, ಈ ಸಾಲಿನಲ್ಲಿ ಯಾರೂ ಹಚ್ಚುತ್ತಿಲ್ಲ, ಒಂದು ಕೈ ಸ್ಟಿಯರಿಂಗ್ ಮೇಲೆ, ಇನ್ನೊಂದು ಬಾಗಿಲ ಚೌಕಟ್ಟಿನ ಮೇಲೆ, ಪೆಟ್ರೋಲ್ ಹಾಕಿಸಲು ಬಂದವರೆಲ್ಲ ಪೆಟ್ರೋಲ್ ಉಳಿಸಲು ಬೆವರು ಸುರಿಸುತ್ತಿದ್ದಾರೆ, ಥೂ, ಇದೂ ಒಂದು ಬದುಕು. ನಾಳೆಯಿಂದ ಬೆಲೆ ಮತ್ತೆ ಏರುತ್ತದಂತೆ, ಅದಕ್ಕೇ ಈ ಸಾಲು. ಏರಿದ್ದು ಇಳಿಯಲೇಬೇಕು ಅಂತ ಹೇಳಿದ ಪುಣ್ಯಾತ್ಮ ಬಂಕಿನ ಬೋರ್ಡು ನೋಡಿರಲಿಲ್ಲ. ಹಿಂದಿನ ಆಟೋದವನು ಕೂಗುತ್ತಾನೆ, ಅಣ್ಣಾ ಸ್ವಲ್ಪ ಜೋರಾಗಿ ತಳ್ಳಿ, ಊಟ ಮಾಡಿಲ್ವಾ — ಮಾಡಿಲ್ಲ ಕಣಪ್ಪ, ಗಾಡಿಯೂ ಮಾಡಿಲ್ಲ, ನಾನೂ ಮಾಡಿಲ್ಲ. ಮುಳ್ಳು ಕೆಂಪು ಗೆರೆಗೆ ಒರಗಿ ಮಲಗಿಬಿಟ್ಟಿದೆ. ಎಡಗಡೆ ಸೀಟಿನಲ್ಲಿ ಯಾರೂ ಇಲ್ಲ, ಅದರ ಕೆಳಗೆ ರಬ್ಬರ್ ಮ್ಯಾಟಿನಲ್ಲಿ ಬಲಗಾಲಿನಷ್ಟು ಅಗಲ ಸವೆದ ಗುಳಿ, ಅಪ್ಪನ ಗುಳಿ — ಅದನ್ನು ನೋಡಬೇಡ, ಮುಂದೆ ನೋಡು, ತಳ್ಳು.

ಅಲ್ಲಿ ಬ್ರೇಕ್ ಇಲ್ಲ ಅಂತ ಅಪ್ಪನಿಗೆ ಗೊತ್ತಿಲ್ಲವೇ, ಜೀವಮಾನವೆಲ್ಲ ಬಸ್ ಓಡಿಸಿದ ಕಾಲು ಅದು, ಎದುರಿಗೆ ಏನಾದರೂ ಅಡ್ಡ ಬಂದರೆ ಸಾಕು, ಮಗನ ಕಾಲಿಗಿಂತ ಮೊದಲು ಆ ಕಾಲು ಒತ್ತುತ್ತದೆ, ಅಪ್ಪಾ ಮ್ಯಾಟ್ ತೂತಾಗುತ್ತೆ ಅಂದರೆ ನಗು, ನನ್ನ ಕೈಲಿದೆಯೇನೋ, ಕಾಲಲ್ವಾ ಅದು. ಮೊದಲೆಲ್ಲ ವಾರಕ್ಕೆ ಮೂರು ಸಲ, ಟ್ಯಾಕ್ಸಿಗೆ ಗಿರಾಕಿ ಗಿರಾಕಿ ಅನ್ನದೆ, ಊರಿನ ಆ ತುದಿಯ ಆಸ್ಪತ್ರೆಯ ವಾರ್ಡಿಗೆ, ಅಮ್ಮನನ್ನು ನೋಡಲು ಅಪ್ಪನನ್ನು ಕರೆದೊಯ್ಯುತ್ತಿದ್ದ. ಅಮ್ಮನ ಅರ್ಧ ದೇಹ ಸತ್ತು, ಮಾತು ಹೋಗಿ, ಮಗ ಬಂದರೂ ಗೋಡೆ ಬಂದರೂ ಒಂದೇ ಎಂಬಂತೆ ನೋಡುತ್ತಾಳೆ, ಅಪ್ಪ ಮಾತ್ರ ಪಕ್ಕದಲ್ಲಿ ಕೂತು ಕಿತ್ತಳೆ ಸುಲಿದು ಸಿಪ್ಪೆಯನ್ನು ಮೂಗಿನ ಹತ್ತಿರ ಹಿಚುಕಿದರೆ ಮೂಗಿನ ಹೊಳ್ಳೆ ಅರಳುತ್ತದೆ, ಬೆರಳು ಅಪ್ಪನ ಬೆರಳನ್ನು ಹುಡುಕುತ್ತದೆ. ಆಮೇಲೆ ಪೆಟ್ರೋಲ್ ಏರಿತು, ವಾರಕ್ಕೆ ಒಂದು ಸಲ ಆಯಿತು, ಮತ್ತೆ ಏರಿತು, ಆಗ ಅವನೇ ಹೇಳಿದ, ಯಾವ ಬಾಯಲ್ಲಿ ಹೇಳಿದನೋ, ಅಪ್ಪಾ, ಆ ಕಡೆ ಗಿರಾಕಿ ಸಿಕ್ಕಿದಾಗ ಹೋಗೋಣ, ಮುಂದಿನ ಸೀಟಲ್ಲಿ ಸುಮ್ಮನೆ ಕೂತ್ಕೊಂಡ್ಬಿಡು, ಏನೂ ಮಾತಾಡ್ಬೇಡ. ಸರಿ ಬಿಡು ಅಂದರು ಅಪ್ಪ, ಅದರಲ್ಲೇನಿದೆ, ನಾನೂ ಎಷ್ಟು ಜನರನ್ನು ಡ್ರೈವರ್ ಪಕ್ಕ ಕೂರಿಸಿಕೊಂಡಿಲ್ಲ. ಅಂದಿನಿಂದ ಮಧ್ಯಾಹ್ನವಾದರೆ ಇಸ್ತ್ರಿ ಅಂಗಿ ತೊಟ್ಟು, ತಲೆ ಬಾಚಿ, ಬೂಟು ಹಾಕಿಕೊಂಡು ಬಾಗಿಲ ಪಕ್ಕದ ಕುರ್ಚಿಯಲ್ಲಿ ತಯಾರು, ಸಂಜೆಯಾದರೆ ಬೂಟು ಬಿಚ್ಚಿ ಒಳಗೆ. ಹೆಂಡತಿ ಅಂದಳು, ನೋಡಕ್ಕಾಗಲ್ಲ ರೀ, ಒಂದಿನ ಹಾಗೇ ಕರ್ಕೊಂಡು ಹೋಗಿ ಬನ್ನಿ. ಹಾಗೇ ಹೋಗು, ಹಾಗೇ ಬಾ, ಹಾಗೇ ಅನ್ನುವುದಕ್ಕೆ ಗಾಡಿ ನೀರಿನಲ್ಲಿ ಓಡುತ್ತದೆಯೇ ಅಂತ ಅವಳ ಮೇಲೆ ರೇಗಿದ್ದ, ಕೈಲಾಗದವನು ಮೈ ಪರಚಿಕೊಂಡ ಹಾಗೆ. ಎಷ್ಟು ದಿನವಾಯಿತು, ತಿಂಗಳೇ ಆಗಿರಬೇಕು, ಎಲ್ಲ ಗಿರಾಕಿಗಳೂ ಈ ಕಡೆಯವರೇ, ಆ ಕಡೆ ಯಾರಿಗೂ ಕೆಲಸವಿಲ್ಲವೇ, ಆ ಕಡೆ ಯಾರಿಗೂ ತಾಯಿ ಇಲ್ಲವೇ.

ಇವತ್ತು ಸಿಕ್ಕಿತ್ತು. ಸಿಕ್ಕಿತ್ತಲ್ಲ! ಮನೆಯಿಂದ ಎರಡು ಬೀದಿ ಆಚೆ, ಆ ಕಡೆಗೇ, ವಾರ್ಡಿನ ಹತ್ತಿರದ ಆಫೀಸಿಗೇ, ಅಪ್ಪಾ ಬಾ ಬಾ ಅಂತ ಹಾರ್ನ್ ಹೊಡೆದರೆ ಅಪ್ಪ ಮಗುವಿನ ಹಾಗೆ ಓಡಿಬಂದರು, ಬೂಟಿನ ದಾರ ಕಟ್ಟದೆಯೇ. ಗಿರಾಕಿ ಕಪ್ಪು ಚೀಲದ ಮನುಷ್ಯ, ಕಿವಿಗೆ ಫೋನು ಅಂಟಿಸಿಕೊಂಡೇ ಹತ್ತಿದ, ಮುಂದೆ ಯಾರಿದ್ದಾರೆ ಅಂತ ನೋಡಲೂ ಇಲ್ಲ, ಎಸಿ ಹಾಕ್ರೀ ಅಂದ, ಕೆಟ್ಟಿದೆ ಸಾರ್ ಅಂದ ಇವನು, ಅದು ಎಲ್ಲ ಡ್ರೈವರುಗಳ ಬಾಯಿಪಾಠ, ಅಪ್ಪ ಕಿಟಕಿಯ ಕಡೆ ತಿರುಗಿ ನಗು ತಡೆದುಕೊಂಡರು. ಎಲ್ಲ ಸರಿಯಾಗಿತ್ತು, ಸೇತುವೆಯ ಇಳಿಜಾರಿನವರೆಗೆ. ಇಳಿಜಾರು ಬಂದರೆ ಕೈ ತಾನಾಗಿ ಗೇರನ್ನು ನ್ಯೂಟ್ರಲ್‌ಗೆ ತಳ್ಳುತ್ತದೆ, ಕೀಲಿ ತಿರುಗಿಸಿ ಎಂಜಿನ್ ಆರಿಸುತ್ತದೆ, ಪುಕ್ಕಟೆ ದಾರಿ, ಈಗ ಯಾರು ಮಾಡುವುದಿಲ್ಲ ಹೇಳಿ — ಅಪ್ಪ ಮಾಡುವುದಿಲ್ಲ. ನ್ಯೂಟ್ರಲ್‌ಗೆ ಬಿಟ್ಟ ಗಾಡಿ ನಿನ್ನದಲ್ಲ ಕಣೋ, ಇಳಿಜಾರಿನದು, ಅಂತ ಗಾಡಿ ಕಲಿಸುವಾಗಲೇ ತಲೆಗೆ ಮೊಟಕಿ ಹೇಳಿದ್ದರು. ಎಂಜಿನ್ ಸದ್ದು ನಿಂತಿತು, ಕೆಳಗೆ ಲಾರಿಯೊಂದು ಅಡ್ಡ ಬಂತು, ಅಪ್ಪನ ಬಲಗಾಲು ಮ್ಯಾಟಿಗೆ ಧಡ್ ಅಂತ ಒತ್ತಿತು, ಬಾಯಿ ಕೂಗಿಬಿಟ್ಟಿತು, ಗೇರ್ ಹಾಕೋ, ಲೋ, ಗೇರ್ ಹಾಕೋ ಮೊದಲು!

ಆಗ ತಲೆಯೆತ್ತಿದ ಕಪ್ಪು ಚೀಲದವನು. ಯಾರ್ರೀ ಇವರು? ಇಷ್ಟು ಹೊತ್ತಿಂದ ಇದ್ರಾ? ದುಡ್ಡು ಕೊಡೋದು ನಾನು, ನೀವು ಮಂದೀನ ತುಂಬ್ಕೊಂಡು ಓಡಾಡ್ತೀರಾ? ಕಂಪ್ಲೇಂಟ್ ಕೊಡ್ತೀನಿ ನೋಡಿ — ಬೆರಳು ಆಗಲೇ ಫೋನಿನ ಮೇಲೆ. ಕಂಪ್ಲೇಂಟ್ ಅಂದರೆ ಕೆಲಸ ಬಂದ್, ಹೋದ ಸಲ ಎಸಿಗೆ ಒಬ್ಬಳು ಕೊಟ್ಟದ್ದಕ್ಕೇ ವಾರವಿಡೀ ಗಾಡಿ ಮನೆ ಮುಂದೆ ನಿಂತಿತ್ತು, ಇನ್ನೊಂದು ಸಲ ಆದರೆ ಆ್ಯಪ್ ಕಂಪನಿಯವರು ಪೂರ್ತಿ ತೆಗೆದುಹಾಕುತ್ತಾರೆ, ಅದು ತಲೆಯಲ್ಲಿತ್ತು, ಅದೊಂದೇ ಇತ್ತು, ಇಲ್ಲದಿದ್ದರೆ ನಾಲಿಗೆ ಹೇಗೆ ಹೊರಳುತ್ತಿತ್ತು, ಯಾರೋ ಸಾರ್, ವಯಸ್ಸಾದವರು, ಲಿಫ್ಟ್ ಕೇಳಿದ್ರು, ಇಲ್ಲೇ ಇಳಿಸ್ತೀನಿ. ಯಾರೋ. ಆ ಮಾತನ್ನು ಈಗ ಉಗುಳಲೂ ಆಗದು, ನುಂಗಲೂ ಆಗದು. ಗಾಡಿ ಪಕ್ಕಕ್ಕೆ ತಗೊಂಡ, ಇವನು ಬ್ರೇಕ್ ಒತ್ತುವ ಮೊದಲೇ ಅಪ್ಪನ ಕಾಲು ಒತ್ತಿತ್ತು, ಕಣ್ಣಾರೆ ಕಂಡ, ಮೆತ್ತಗೆ, ಸ್ಟಾಪಿನಲ್ಲಿ ಬಸ್ ನಿಲ್ಲಿಸುವ ಹಾಗೆ. ಮೋರೆಯಲ್ಲಿ ಏನೂ ಇಲ್ಲ. ಇಳಿದು, ಕಿಟಕಿಯಲ್ಲಿ ಬಗ್ಗಿ, ಉಪಕಾರವಾಯ್ತು ಸಾರ್, ಎಷ್ಟಾಯ್ತು — ಮಗನಿಗೆ ಸಾರ್! — ಕಿತ್ತಳೆಗೆ ಅಂತ ಮಡಿಸಿ ಮಡಿಸಿ ಅಂಗಿಜೇಬಿನಲ್ಲಿ ಇಟ್ಟುಕೊಂಡಿದ್ದ ನೋಟನ್ನು ಸೀಟಿನ ಮೇಲೆ ಇಟ್ಟರು. ನಾಟಕ ಪೂರ್ತಿಯಾಗಬೇಕಲ್ಲ, ಕೆಲಸದಲ್ಲಿ ಅಪ್ಪ ಯಾವತ್ತೂ ಅರ್ಧಂಬರ್ಧ ಮಾಡಿದವರಲ್ಲ. ಕನ್ನಡಿಯಲ್ಲಿ ನೋಡಿದರೆ ಮುಚ್ಚಿದ ಅಂಗಡಿಯ ಮುಂದೆ, ಬಿಸಿಲಲ್ಲಿ, ಬೂಟಿನ ದಾರ ಕಟ್ಟಲು ಬಗ್ಗಿದ ಬೆನ್ನು.

ತಳ್ಳು. ಇನ್ನು ಇಬ್ಬರೇ ಮುಂದೆ. ಗಿರಾಕಿಯನ್ನು ಇಳಿಸಿದ ತಕ್ಷಣ ತಿರುಗಿಸಿದ್ದರೆ ನಡುದಾರಿಯಲ್ಲೇ ಗಾಡಿ ನಿಲ್ಲುತ್ತಿತ್ತು, ಅದಕ್ಕೇ ಇಲ್ಲಿ, ಬೇರೆ ದಾರಿ ಇರಲಿಲ್ಲ, ಇರಲಿಲ್ಲ ತಾನೇ? ಇಲ್ಲಿಂದ ವಾರ್ಡಿನ ನೀರಿನ ಟ್ಯಾಂಕು ಕಾಣುತ್ತದೆ. ಒಳಗೆ ಬಿಡುವುದು ಐದರವರೆಗೆ. ಅಮ್ಮ ಅಲ್ಲಿ, ಅಪ್ಪ ಅಲ್ಲಿ, ನಡುವೆ ಇವನು, ಎತ್ತು ಏರಿಗೆ ಕೋಣ ನೀರಿಗೆ. ಇವನೊಬ್ಬನೇ ಹೋಗಿ ನೋಡಬಹುದಿತ್ತು, ನಡೆದರೆ ಐದು ನಿಮಿಷ, ಆದರೆ ಹೋಗಿ ಏನು ಮಾಡುವುದು, ಅಮ್ಮನ ಪಾಲಿಗೆ ಇವನೂ ಯಾರೋ. ಸರಿಯಾಗಿದೆ, ಕೊಟ್ಟದ್ದೇ ಸಿಕ್ಕುತ್ತದೆ.

ಝೀರೋ ನೋಡ್ಕೊಳ್ಳಿ ಸಾರ್, ಎಷ್ಟಕ್ಕೆ? ಟೋಪಿ ಹಾಕಿದ ಬಂಕಿನ ಹೆಂಗಸು, ಪೈಪು ಕೈಯಲ್ಲಿ. ಫೋನು ಚಾಚಿದ, ತಲೆ ಅಲ್ಲಾಡಿಸಿದಳು, ನೆಟ್‌ವರ್ಕ್ ಇಲ್ಲ, ಕ್ಯಾಶ್ ಇದ್ರೆ ಹಾಕ್ತೀನಿ, ಇಲ್ದಿದ್ರೆ ಗಾಡಿ ಪಕ್ಕಕ್ಕೆ ತಳ್ಳಿ, ಹಿಂದೆ ಜನ ಕಾಯ್ತಿದಾರೆ. ಜೇಬು ತಡಕಿದ, ಡ್ಯಾಶ್‌ಬೋರ್ಡ್ ತಡಕಿದ, ಚಿಲ್ಲರೆ, ಬರೀ ಚಿಲ್ಲರೆ, ಕೈ ಅತ್ತ ಹೋಗುವುದು ಬೇಡ ಅಂತ ಹಿಂಜರಿಯುತ್ತ ಹಿಂಜರಿಯುತ್ತ ಎಡಗಡೆ ಸೀಟಿಗೇ ಹೋಯಿತು. ನೋಟಿನ ಮಡಿಕೆ ಬಿಡಿಸಿ ಬಿಡಿಸಿ ನೋಡಿದ, ಅಪ್ಪನ ಜೇಬಿನ ಬಿಸಿ ಇನ್ನೂ ಇದೆಯೇನೋ ಅನ್ನಿಸಿತು, ಇರಲಿಲ್ಲ. ಇದಕ್ಕೆಷ್ಟು ಬರುತ್ತೋ ಅಷ್ಟು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂತ ನಕ್ಕಳು ಅವಳು, ಕೆಟ್ಟ ಮನಸ್ಸಿನಿಂದಲ್ಲ. ಅಂಕಿ ಗಿರ್ರನೆ ತಿರುಗಿ ನಿಂತಿತು, ಕಿತ್ತಳೆ ಹಣ್ಣುಗಳೆಲ್ಲ ಟ್ಯಾಂಕಿನೊಳಗೆ ಹೋದವು.

ಎಂಜಿನ್ ಆರಿಸದೆ ಓಡಿಸಿದ, ದಾರಿಯುದ್ದಕ್ಕೂ, ಸಿಕ್ಕ ಇಳಿಜಾರುಗಳಲ್ಲೂ ಗೇರಿನಲ್ಲೇ, ನೋಡು ಅಪ್ಪಾ, ಗೇರಿನಲ್ಲೇ ಇದೆ, ಬೈಯಬೇಕಾದರೆ ಬೈ, ಮೊಟಕು, ಏನು ಬೇಕಾದರೂ ಮಾಡು, ಅಲ್ಲೇ ಇರು. ಅಲ್ಲೇ ಇದ್ದರು. ಮುಚ್ಚಿದ ಅಂಗಡಿಯ ನೆರಳು ಈಗ ಅವರ ಮೇಲೆ ಬಂದಿದೆ. ಗಾಡಿ ಕಂಡು ಕೈ ಎತ್ತಿದರು, ಬಾಡಿಗೆ ಗಾಡಿಗೆ ಎತ್ತುವ ಹಾಗೆ. ಇವನು ಬಗ್ಗಿ ಎಡಗಡೆ ಬಾಗಿಲು ತೆರೆದ, ಅಪ್ಪಾ, ಬಾ, ತಪ್ಪಾಯ್ತು ಅನ್ನಲು ಬಾಯಿ ತೆರೆದ — ಅಪ್ಪ ಆ ಬಾಗಿಲನ್ನು ಮೆತ್ತಗೆ ಮುಚ್ಚಿದರು. ಹಿಂದಿನ ಬಾಗಿಲು ತೆಗೆದು ಕೂತರು. ಇಲ್ಲೇ ಸರಿ ಕಣೋ, ಹಿಂದೆ ಕೂತ್ರೆ ಯಾರೂ ಕೇಳಲ್ಲ, ಗಿರಾಕಿ ಅಂದ್ಕೋತಾರೆ. ದನಿಯಲ್ಲಿ ಸಿಟ್ಟಿಲ್ಲ, ಹುಡುಕಿದರೂ ಇಲ್ಲ, ಸಿಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಹೊತ್ತಾಯ್ತಲ್ಲ, ಇನ್ನು ಒಳಗೆ ಬಿಡಲ್ಲ, ಮನೆಗೇ ನಡಿ, ಆ ಕಡೆ ಗಿರಾಕಿ ಸಿಕ್ಕಿದಾಗ ನೋಡಿದ್ರಾಯ್ತು. ಹೂಂ ಅಂದ. ಗೇರ್ ಹಾಕಿದ. ತಿರುವಿನಲ್ಲಿ ಒಂದು ಸೈಕಲ್ ದಿಢೀರನೆ ಅಡ್ಡ ಬಂತು, ಇವನ ಕಾಲು ಬ್ರೇಕಿಗೆ ಹೋಯಿತು, ಕಣ್ಣು ಎಡಕ್ಕೆ ಹೋಯಿತು, ಮ್ಯಾಟಿಗೆ, ಸವೆದ ಗುಳಿಗೆ, ಅಲ್ಲಿ ಕಾಲಿಲ್ಲ, ಗಾಡಿ ನಿಂತಿದೆ, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದಾರೆ, ಗುಳಿ ಹಾಗೇ ಇದೆ, ಬಲಗಾಲಿನಷ್ಟು ಅಗಲ, ಖಾಲಿ ಗುಳಿ, ಅಲ್ಲಿ ಕಾಲಿಲ್ಲ —