ಒಂದು ಡಿಸ್ಕ್, ಹನ್ನೆರಡು ಯಂತ್ರ

ಬೆಳಗ್ಗೆ ಹತ್ತಾದರೆ ಸಾಕು, ಆಸ್ಪತ್ರೆಯ ಕಂಪ್ಯೂಟರುಗಳೆಲ್ಲ ಏದುಸಿರು ಬಿಡುತ್ತಿದ್ದವು. ರಕ್ತಪರೀಕ್ಷೆಯ ಒಂದು ವರದಿ ತೆರೆಯಲು ಕಾಲು ಗಂಟೆ ಬೇಕಾಗುತ್ತಿತ್ತು.

"ಏನಪ್ಪಾ, ನಿನ್ನ ಸರ್ವರ್ ಇವತ್ತೂ ಜಪಕ್ಕೆ ಕೂತಿದ್ಯಾ?" ಎಂದಳು ಲ್ಯಾಬಿನ ಅಕ್ಕ.

"ಡಿಸ್ಕ್ ಹಳೇದಕ್ಕಾ. ಹೊಸದು ಕೇಳಿ ಕೇಳಿ ಬಾಯಿ ಒಣಗಿತು. ಇವತ್ತು ಸರಿಹೋಗ್ದಿದ್ರೆ ಸಾಹೇಬ್ರು ನನ್ನನ್ನೇ ಬದಲಾಯಿಸ್ತಾರಂತೆ" ಎಂದ ಸರ್ವರ್ ನೋಡಿಕೊಳ್ಳುವವ.

ದಣಿದ ಕಣ್ಣು ಮುಚ್ಚಿ ದೇವರನ್ನು ನೆನೆದು, ಮತ್ತೊಮ್ಮೆ ಪರದೆಯ ಮುಂದೆ ಕುಳಿತ. ಆ ಒಂದೇ ಸರ್ವರಿನೊಳಗೆ ಬೇರೆ ಬೇರೆ ಕಂಪ್ಯೂಟರುಗಳಂತೆ ಕೆಲಸ ಮಾಡುವ ಹನ್ನೆರಡು ವರ್ಚುವಲ್ ಯಂತ್ರಗಳಿದ್ದವು, ಎಲ್ಲಕ್ಕೂ ಒಂದೇ ಡಿಸ್ಕ್. ಮೊದಲನೆಯದನ್ನು ಕೈಯಾರೆ ಸಿದ್ಧಮಾಡಿ, ಉಳಿದವನ್ನು ಅದರಿಂದಲೇ ನಕಲು ತೆಗೆದವನು ಅವನೇ. ಮೊದಲನೆಯದಕ್ಕೆ ಹತ್ತು ಗಂಟೆಗೆ ವೈರಸ್ ತಪಾಸಣೆ ಎಂದು ಗೊತ್ತುಮಾಡಿದ್ದ. ನಕಲಿನ ಜೊತೆ ಆ ಹತ್ತು ಗಂಟೆಯೂ ಎಲ್ಲದರೊಳಗೆ ಹೋಗಿ ಕುಳಿತಿದ್ದು ಈಗ ಅವನ ಕಣ್ಣಿಗೆ ಬಿತ್ತು. ದಿನವೂ ಒಂದೇ ಬಾವಿಗೆ ಹನ್ನೆರಡು ಕೊಡಗಳು ಒಟ್ಟಿಗೆ ಇಳಿಯುತ್ತಿದ್ದವು.

ನಡೆಯುತ್ತಿದ್ದ ತಪಾಸಣೆಗಳನ್ನು ನಿಲ್ಲಿಸಿ, ಒಂದೊಂದಕ್ಕೂ ಬೇರೆ ಬೇರೆ ವೇಳೆ ಕೊಟ್ಟ. ಅಕ್ಕನ ವರದಿ ಥಟ್ಟನೆ ತೆರೆಯಿತು.

"ಹೊಸ ಡಿಸ್ಕ್ ಬಂತಾ?"

"ಇಲ್ಲಕ್ಕಾ, ತಪ್ಪು ನಂದೇ. ಆರು ತಿಂಗಳು ಪಾಪ, ಡಿಸ್ಕನ್ನ ಬೈದೆ."

"ಸಾಹೇಬ್ರ ಹತ್ರ ಬಾಯಿ ಬಿಡ್ಬೇಡ ಮತ್ತೆ!"

ಅವನು ನಕ್ಕ. ಹೊಸ ಡಿಸ್ಕಿಗೆಂದು ಕಳಿಸಿದ್ದ ಮನವಿಯ ಕೆಳಗೆ "ಬೇಕಿಲ್ಲ, ತಪ್ಪು ನನ್ನದು" ಎಂದು ಬರೆದು ಸಾಹೇಬರಿಗೆ ಕಳಿಸಿ, ತಂಪಾದ ಮೇಜಿಗೆ ಹಣೆ ಹಚ್ಚಿದ.